ಜೀಪಿಗೆ ಬಿಟ್ಟ ಜಾಗ

ಕೊತ್ತತ್ತಿಯ ಪುಟ್ಟರಾಜು ಮನೆಗೆ ಜೀಪು ತಂದ ದಿನ ಅವನ ತಾಯಿ ಚಿಕ್ಕಬೋರಮ್ಮ ಜಗುಲಿಯಿಂದ ಇಳಿದು ಬಂದು, ಅದರ ಸುತ್ತ ಒಂದು ಸುತ್ತು ಹಾಕಿ, "ಇದುಕ್ಕೆ ಏನ್ಲಾ ಮೇವು?" ಎಂದು ಕೇಳಿದಳು.

"ಪೆಟ್ರೋಲು ಕಣವ್ವ."

"ಸಗಣಿ ಆಕ್ತದಾ?"

ಪುಟ್ಟರಾಜುವಿನ ಮಗ ಸಿದ್ದರಾಜು ಸ್ಟೇರಿಂಗು ಹಿಡಿದು ಕೂತಿದ್ದವನು ನಕ್ಕ. "ಇಲ್ಲ ಕಣಜ್ಜಿ, ಬರೀ ಒಗೆ."

"ಮೂರೊತ್ತೂ ತಿಂದು ಒಗೆ ಬುಡದಾ? ನಿಮ್ಮಪ್ಪನಂಗೇ ಅದೆ ಬುಡು."

ಪುಟ್ಟರಾಜು ಬಾಯಲ್ಲಿದ್ದ ಬೀಡಿ ತೆಗೆದು ಕೆಳಗೆ ಹಾಕಿದ. ಸೇರಿದ್ದ ಜನ ನಕ್ಕರು. ಅವನಿಗೂ ನಗು ಬಂತು. ಆ ದಿನ ಅವನಿಗೆ ಯಾರ ಮೇಲೂ ಕೋಪ ಬರುವಂತಿರಲಿಲ್ಲ.

ಅದು ಸರ್ಕಾರಿ ಆಫೀಸಿನವರು ಓಡಿಸುವಂಥ ಬರೀ ಟಾರ್ಪಾಲಿನ ಜೀಪಲ್ಲ. ಕೊಡಗಿನ ಕಾಫಿತೋಟದವರೊಬ್ಬರು ತಮಗೆಂದು ಮಾಡಿಸಿಕೊಂಡಿದ್ದು. ಸುತ್ತ ಗಾಜು, ಒಳಗೆ ಕೆಂಪು ಚರ್ಮದ ಮೆತ್ತನೆ ಸೀಟು, ಕಿಟಕಿಗೆ ಪರದೆ, ಡ್ರೈವರ್ ತಲೆಯ ಹತ್ತಿರ ಅಂಗೈಯಗಲದ ಫ್ಯಾನು. ಕೆಳಗೆ ಮಾತ್ರ ಪೂರಾ ಕಬ್ಬಿಣ. ನಾಲೆ ಏರಿಯ ಕೆಸರಿನಲ್ಲೂ ನಾಲ್ಕು ಚಕ್ರ ತಿರುಗಿಸಿಕೊಂಡು ಹೋಗುತ್ತಿತ್ತು. ಪೆಟ್ರೋಲಿನ ಬೆಲೆ ಏರಿದ ಮೇಲೆ ಇಂಥ ಗಾಡಿ ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆಯಾಗಿದ್ದರು. ಕಬ್ಬಿನ ದುಡ್ಡು ಬಂದಿತ್ತು. ಪುಟ್ಟರಾಜು ಕಮಾನುಗಾಡಿಯನ್ನೂ ಅದರ ಎತ್ತಿನ ಜೋಡಿಯನ್ನೂ ಮಾರಿ, ಉಳುವ ಎತ್ತುಗಳನ್ನು ಮಾತ್ರ ಇಟ್ಟುಕೊಂಡ. ದುಡಿದವನು ಒಂದು ಆಸೆ ಪಟ್ಟ. ಅದನ್ನು ತಪ್ಪು ಎನ್ನುವುದು ಕಷ್ಟ.

ಅವನ ಹೆಂಡತಿ ದೇವಿರಮ್ಮ ಜೀಪಿಗೆ ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆಗ ಅವಳಿಗೂ ಸಂತೋಷವೇ ಆಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನ ತಟ್ಟೆಗೆ ಮುದ್ದೆ ಹಾಕಿ, "ಸುಕ್ರವಾರ ಅಮಾಸೆ. ನಾನು ಮದ್ದೂರ್ಗೆ ಓಗ್ಬೇಕು" ಎಂದಳು.

"ಓಗು. ಸಿದ್ದ ಜೀಪಲ್ಲಿ ಬುಡ್ತಾನೆ."

"ಅವ್ನಿಗ್ಯಾಕೆ ತೊಂದ್ರೆ? ಬಸ್ಸದಲ್ಲ."

ಪುಟ್ಟರಾಜು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಬಾಗ್ಲಲ್ಲಿ ಜೀಪ್ ನಿಂತಿರವಾಗ ಪುಟ್ಟರಾಜನ ಎಂಡ್ರು ಬಸ್ಸಲ್ಲಿ ನೇತಾಡ್ಕಂಡು ಓದ್ಲು ಅಂದ್ರೆ ಊರೋರು ಏನಂದಾರು? ಇನ್ಮ್ಯಾಲೆ ಬಸ್ಸಿನ ಮಾತೇ ಆಡ್ಬ್ಯಾಡ."

ಸೊಸೆ ಇಂದ್ರಮ್ಮ ಸಾರಿನ ಸೌಟು ಹಿಡಿದುಕೊಂಡೇ ಹೇಳಿದಳು: "ಓಗಿ ಅತ್ತೆ. ಫ್ಯಾನ್ ಆಕ್ಕಂಡು ಓಗ್ಬೋದು."

ಮದ್ದೂರಿನ ವಿಷಯ ಹೀಗಿತ್ತು. ದೇವಿರಮ್ಮನಿಗೆ ಇದ್ದವಳು ಒಬ್ಬಳೇ ಅಕ್ಕ, ಮಲ್ಲಿಗಮ್ಮ. ಮಳವಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು, ರೇಷ್ಮೆಹುಳು ಮೇಯಿಸಿ, ಗಂಡ ಸತ್ತ ಮೇಲೆ ಮಗಳು ಮರಿತಾಯಮ್ಮನನ್ನು ಬೆಳೆಸಿದ್ದಳು. ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಅವಳು ಒಂದು ರಾತ್ರಿ ಹೊರಗೆ ತಂಗುವಂತಿರಲಿಲ್ಲ. ದೇವಿರಮ್ಮನಿಗೆ ಮನೆ ತುಂಬ ಆಳುಗಳ ಅಡಿಗೆ. ಅಮಾವಾಸ್ಯೆಯ ದಿನ ಮಾತ್ರ ಎತ್ತು ಕಟ್ಟುವುದಿಲ್ಲ, ಆಳು ಬರುವುದಿಲ್ಲ, ದೊಡ್ಡ ಒಲೆ ಹಚ್ಚುವುದಿಲ್ಲ. ಆ ದಿನ ಇವಳು ಈ ಕಡೆಯಿಂದ, ಅವಳು ಆ ಕಡೆಯಿಂದ ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಪಕ್ಕ ಹುಣಸೆಮರದ ಕೆಳಗೆ ಒಂದು ಕಲ್ಲುಬೆಂಚು. ಇವಳು ತಂದ ಅಕ್ಕಿರೊಟ್ಟಿಯನ್ನು ಅವಳು, ಅವಳು ತಂದ ಉಸಲಿಯನ್ನು ಇವಳು ತಿನ್ನುತ್ತಿದ್ದರು. ಹುಚ್ಚೆಳ್ಳು ಚಟ್ನಿಗೆ ಉಪ್ಪು ಜಾಸ್ತಿಯೆಂದು ಒಬ್ಬರನ್ನೊಬ್ಬರು ಬಯ್ಯುತ್ತಿದ್ದರು. ಅಲ್ಲಿ ಏನು ಮಾತಾಡುತ್ತಿದ್ದರು ಎಂದರೆ ಬರೆದಿಡುವಂಥದ್ದು ಏನೂ ಇಲ್ಲ. ಆದರೆ ದೇವಿರಮ್ಮ ತಿಂಗಳಿಡೀ ಮನೆಯಲ್ಲಿ ನುಂಗಿಕೊಂಡದ್ದನ್ನೆಲ್ಲ ಆ ಬೆಂಚಿನ ಮೇಲೆ ಹೇಳಿಬಿಡುತ್ತಿದ್ದಳು. ಬೇರೆ ಎಲ್ಲೂ ಹೇಳುತ್ತಿರಲಿಲ್ಲ.

ಶುಕ್ರವಾರ ಜೀಪು ಮದ್ದೂರಿನ ಬೆಂಚಿನ ಪಕ್ಕಕ್ಕೇ ಹೋಗಿ ನಿಂತಿತು. ಮಲ್ಲಿಗಮ್ಮ ಗಾಬರಿಯಿಂದ ಎದ್ದು ನಿಂತಳು. ಯಾರೋ ಸಾಹೇಬರು ಬಂದರು ಎಂದುಕೊಂಡಿದ್ದಳು.

"ನಾನು ಕಣಕ್ಕ!"

"ಅಯ್ಯೋ ನಿನ್ ಮನೆ ಕಾಯ್ವಾಗ! ನೀನೇನೇ?"

ಇಬ್ಬರೂ ಬೆಂಚಿನ ಮೇಲೆ ಕೂತರು. ಗಂಟು ಬಿಚ್ಚಿದರು. ಜೀಪು ನೋಡಲು ಹತ್ತು ಜನ ಸೇರಿದರು. ಸಿದ್ದರಾಜು ಬಾನೆಟ್ಟಿಗೆ ಒರಗಿ ನಿಂತು ಅವರಿಗೆ ಉತ್ತರ ಹೇಳುತ್ತಿದ್ದ. ದೇವಿರಮ್ಮ ಸೊಸೆಯ ಸುದ್ದಿ ತೆಗೆಯಬೇಕೆಂದಿದ್ದಳು, ಮಗ ಎದುರಿಗಿದ್ದ. ಗಂಡನ ಸುದ್ದಿ ತೆಗೆಯಬೇಕೆಂದಿದ್ದಳು, ಮಗ ಎದುರಿಗಿದ್ದ. "ಚಟ್ನಿಗೆ ಉಪ್ಪು ಸರ್ಯಾಗದೆ" ಎಂದಳು ಮಲ್ಲಿಗಮ್ಮ. ಅಷ್ಟರಲ್ಲಿ ಸಿದ್ದರಾಜು, "ದೊಡ್ಡವ್ವ, ನಡಿ, ಮನೆಗಂಟ ಬುಟ್ಟು ಬತ್ತೀನಿ. ಇಲ್ಲಿ ಬಿಸ್ಲಲ್ಲಿ ಯಾಕೆ ಕುಂತಿದ್ದೀರಿ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಮಳವಳ್ಳಿಯ ದಾರಿಯಲ್ಲಿ ಮಲ್ಲಿಗಮ್ಮ ಸೀಟಿನ ಚರ್ಮವನ್ನು ಬೆರಳಲ್ಲಿ ಸವರುತ್ತ ಕೂತಿದ್ದಳು. ಅವಳ ಬೀದಿ ಕಿರಿದು. ಜೀಪು ಅಂಗುಲಂಗುಲವಾಗಿ ಒಳಗೆ ಹೋದಾಗ ಎರಡೂ ಕಡೆಯ ಬಾಗಿಲುಗಳಲ್ಲಿ ಜನ ನಿಂತರು. ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ಇಳಿದು, "ನಮ್ ತಂಗಿ ಮನೇದು! ನನ್ನ ಬುಡಕೆ ಅಂತ್ಲೇ ಬಂದದೆ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಅಕ್ಕ ಬೀದಿಯಲ್ಲಿ ದನಿ ಎತ್ತಿ ಮಾತಾಡಿದ್ದನ್ನು ದೇವಿರಮ್ಮ ಅದೇ ಮೊದಲು ಕೇಳಿದ್ದು. ಪಾಪ, ಎಷ್ಟು ದಿನದ ಆಸೆಯೋ ಎನಿಸಿತು. ಅದರ ಮೇಲೆ ಏನೂ ಎನಿಸಲಿಲ್ಲ.

ಮುಂದಿನ ಅಮಾವಾಸ್ಯೆಗೆ ದೇವಿರಮ್ಮ ಬೆಳಿಗ್ಗೆಯೇ ರೊಟ್ಟಿ ತಟ್ಟಿ, ಗಂಟು ಕಟ್ಟಿ, ಜೀಪಿನಲ್ಲಿ ಕೂತಿದ್ದಳು. ಸಿದ್ದರಾಜು ಕೀಲಿ ತಿರುಗಿಸುತ್ತಿದ್ದಾಗ ನಾಲೆಯಾಚೆ ತೋಟದ ಮನೆಯ ಕರಿಯಯ್ಯ ಏದುಸಿರು ಬಿಡುತ್ತ ಓಡಿ ಬಂದ. ಅವನ ಹೆಂಡತಿಗೆ ಹಿಂದಿನ ರಾತ್ರಿಯಿಂದ ಹೆರಿಗೆ ನೋವು. ಮಗು ಅಡ್ಡ ಬಂದಿದೆ ಎಂದು ಸೂಲಗಿತ್ತಿ ಕೈಬಿಟ್ಟಿದ್ದಳು. ಮಳೆಗೆ ಏರಿ ಕುಸಿದು ಗಾಡಿ ಹೋಗುವಂತಿರಲಿಲ್ಲ.

"ಅಕ್ಕಯ್ಯ, ನಿನ್ ಕಾಲ್ಗೆ ಬೀಳ್ತೀನಿ..."

ದೇವಿರಮ್ಮ ಅವನ ಮಾತು ಮುಗಿಯುವ ಮೊದಲೇ ಇಳಿದಿದ್ದಳು. "ನಡಿಯೋ ಸಿದ್ದ! ಇನ್ನೂ ನನ್ ಮಖ ನೋಡ್ತಾ ಕುಂತಿದ್ದೀಯಲ್ಲ!"

ಮೊಣಕಾಲುದ್ದದ ಕೆಸರಿನಲ್ಲಿ ಜೀಪು ಹೋಗಿ, ಆ ಹೆಂಗಸನ್ನು ಮಲಗಿಸಿಕೊಂಡು, ಮಂಡ್ಯದ ಆಸ್ಪತ್ರೆ ಮುಟ್ಟಿಸಿತು. ತಾಯಿ, ಮಗು ಇಬ್ಬರೂ ಉಳಿದರು. ಜೀಪಿನ ಬಗ್ಗೆ ಏನು ಹೇಳಬೇಕಾದರೂ ಇದನ್ನು ಮೊದಲು ಹೇಳಬೇಕು. ದೇವಿರಮ್ಮನೂ ಮನೆಗೆ ಬಂದವರಿಗೆಲ್ಲ ಇದನ್ನೇ ಹೇಳಿದಳು. ಆದರೆ ಆ ದಿನ ಮಧ್ಯಾಹ್ನ ಅವಳು ಗಂಟು ಬಿಚ್ಚಿ, ತಣ್ಣಗಾದ ರೊಟ್ಟಿಯನ್ನು ಅತ್ತೆಗೆ ಕೊಟ್ಟು, ತಾನು ತಿನ್ನಲಿಲ್ಲ.

"ಬಸ್ಸಿಗೆ ಓಗ್ಬೋದಾಗಿತ್ತಲ್ಲವ್ವ?" ಎಂದಳು ಚಿಕ್ಕಬೋರಮ್ಮ.

"ನಿಮ್ ಮಗನ್ನ ಕೇಳಿ ಅತ್ತೆ."

"ಅವನ ಕೇಳದು ಏನು? ಎತ್ತಿಗೂ ಅಮಾಸೆ ಅಂತ ಒಂದಿನ ಇತ್ತು. ಈ ಮುಂಡೇದುಕ್ಕೆ ಅದೂ ಇಲ್ಲ."

ಎರಡು ದಿನ ಬಿಟ್ಟು ಮದ್ದೂರಿನಿಂದ ಬಂದ ಬೆಲ್ಲದ ವ್ಯಾಪಾರಿ ಜಗುಲಿಯಲ್ಲಿ ಕೂತು ಹೇಳಿದ: "ನಿಮ್ಮಕ್ಕ ಅವತ್ತು ಬೆಂಚಿನ ಮ್ಯಾಲೆ ಹೊತ್ತು ಮುಳುಗೋಗಂಟ ಕುಂತಿದ್ರು. ಜೀಪ್ ಬತ್ತದೆ, ಜೀಪ್ ಬತ್ತದೆ ಅಂತಿದ್ರು."

ಕರಿಯಯ್ಯನ ಹೆಂಡತಿ ಉಳಿದ ಮೇಲೆ ಜೀಪು ಊರಿನದಾಯಿತು. ಬೀಗರನ್ನು ಕರೆತರಲು, ಮೈನೆರೆದ ಹುಡುಗಿಗೆ ಸೀರೆ ತರಲು, ಕೋರ್ಟಿಗೆ, ಕಾರ್ಖಾನೆಗೆ. ಇಲ್ಲ ಎನ್ನಲು ಪುಟ್ಟರಾಜುವಿಗೆ ನಾಚಿಕೆ. ಬಂದವರಿಗೆಲ್ಲ ಕಾಫಿ ಕಾಯಿಸುವುದು ದೇವಿರಮ್ಮನ ಪಾಲಿಗೆ ಬಂತು. ಉಳಿದ ಹೊತ್ತಿನಲ್ಲಿ ಜೀಪನ್ನು ಸಿದ್ದರಾಜು ಒರೆಸುತ್ತಿದ್ದ; ವಾರಕ್ಕೊಂದು ಸಲ ಇಂದ್ರಮ್ಮನನ್ನು ಕೂರಿಸಿಕೊಂಡು ಮಂಡ್ಯದಲ್ಲಿ ಸಿನಿಮಾ ನೋಡಿ ಬರುತ್ತಿದ್ದ.

ಮೊದಲು ಮಂಡ್ಯದ ಸಂತೆಗೆ ಹೋಗುವಾಗ ಪಕ್ಕದ ಮನೆಯ ಹೆಂಗಸರು, "ದೇವಿರಕ್ಕ, ಬಸ್ ಬಂತು ಕಣೆ, ಎದ್ದು ಬಾರೆ!" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು. ಈಗ ಕೂಗುತ್ತಿರಲಿಲ್ಲ. ಒಂದು ದಿನ ನೀರಿನ ಹತ್ತಿರ ಅವಳೇ ಕೇಳಿದಳು.

"ನಿಂಗೇನಕ್ಕ, ಜೀಪದೆ" ಎಂದಳು ಒಬ್ಬಳು. ಕುಹಕವೇನೂ ಇರಲಿಲ್ಲ. ಕೊಡ ತುಂಬಿತು, ಎತ್ತಿಕೊಂಡು ಹೋದಳು.

ಮೂರನೆಯ ಅಮಾವಾಸ್ಯೆಯಲ್ಲಿ ಜೀಪು ಗ್ಯಾರೇಜಿನಲ್ಲಿತ್ತು. ಪುಟ್ಟರಾಜು ಆಗಲೂ ಬಸ್ಸಿಗೆ ಒಪ್ಪಲಿಲ್ಲ.

"ರಿಪೇರಿಗೆ ಬಂತು ಅಂತ ಊರ್ಗೆಲ್ಲ ಡಂಗೂರ ಒಡಿಯಕಾ?"

"ಓದ ತಿಂಗ್ಳೂ ಓಗ್ನಿಲ್ಲ. ಅವ್ಳು ಕಾಯ್ತಾಳೆ."

"ಕಾಯ್ದೇ ಇನ್ನೇನ್ ಮಾಡಾಳು? ಬುಡು. ಮುಂದಿನ ಸಲ ಸೀದಾ ಮಳವಳ್ಳಿಗೇ ಬುಡುಸ್ತೀನಿ."

ಚಿಕ್ಕಬೋರಮ್ಮ ಗೋಡೆಗೆ ಒರಗಿ ಎಲೆಅಡಿಕೆ ಕುಟ್ಟುತ್ತಿದ್ದಳು. "ಲೋ, ನಾನು ನಿಮ್ಮಪ್ಪನ ಜೊತೆ ಮೇಲುಕೋಟೆಗೆ ನಡ್ಕಂಡು ಓಗಿವ್ನಿ. ಆಗ ನಮ್ ಮರ್ವಾದೆ ಎಲ್ಲೋಗಿತ್ಲಾ?"

"ನೀ ಸುಮ್ಕಿರವ್ವ."

"ಸುಮ್ಕೇ ಇವ್ನಿ. ಕುಟ್ಟಾಣಿ ಸದ್ದು ಮಾಡ್ತಾ ಅದೆ."

ಇಂದ್ರಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಪುಟ್ಟರಾಜು ತಟ್ಟೆಯಲ್ಲಿ ಕೈ ತೊಳೆದು ಎದ್ದ. ದೇವಿರಮ್ಮ ತಟ್ಟೆ ಎತ್ತಿಕೊಂಡು ಹೋದಳು.

ಹದಿನೈದು ದಿನ ಕಳೆದ ಮೇಲೆ ಮಲ್ಲಿಗಮ್ಮ ಬಸ್ ಕಂಡಕ್ಟರ್ ಒಬ್ಬನ ಕೈಲಿ ಹೇಳಿ ಕಳಿಸಿದಳು: ಮರಿತಾಯಮ್ಮನನ್ನು ನೋಡಲು ಗುರುವಾರ ಕೊಳ್ಳೇಗಾಲದ ಕಡೆಯಿಂದ ಗಂಡಿನವರು ಬರುತ್ತಾರೆ, ತಂಗಿ ಬರಲೇಬೇಕು. ಪುಟ್ಟರಾಜು ಕೇಳಿ, "ಅದುಕ್ಕೇನು, ನಾನೇ ಕರ್ಕಂಡು ಓಯ್ತೀನಿ" ಎಂದ. ಮನಸಾರೆ ಹೇಳಿದ ಮಾತೇ. ಆದರೆ ಬುಧವಾರ ಸಂಜೆ ಸೊಸೈಟಿಯ ಡೈರೆಕ್ಟರುಗಳು ಬಂದು, ಬೆಳಿಗ್ಗೆ ದುದ್ದ ಗ್ರಾಮಕ್ಕೆ ಹೋಗಿ ಹತ್ತು ಗಂಟೆಯೊಳಗೆ ಬಂದುಬಿಡೋಣ ಎಂದು ಅವನನ್ನೂ ಸಿದ್ದರಾಜುವನ್ನೂ ಒಪ್ಪಿಸಿದರು.

ಗುರುವಾರ ದೇವಿರಮ್ಮ ಹಸಿರು ರೇಷ್ಮೆಸೀರೆ ಉಟ್ಟು, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಳು. ಬಿಸಿಲು ಜಗುಲಿಯ ಮೇಲಕ್ಕೆ ಹತ್ತಿತು. ಜೀಪಿನ ಸದ್ದಿಲ್ಲ.

"ಎದ್ದೋಗವ್ವ" ಎಂದಳು ಚಿಕ್ಕಬೋರಮ್ಮ. "ಬಸ್ ಇನ್ನೂ ಓಗಿಲ್ಲ. ಅವ್ನು ಬಂದ್ರೆ ನಾನಿವ್ನಿ."

"ಬೈದ್ರೆ?"

"ಬೈಯ್ಲಿ. ನಂಗೆ ಕಿವಿ ಕೇಳ್ಸದು ಕಮ್ಮಿ."

ದೇವಿರಮ್ಮ ಎದ್ದಳು. ಬಸ್ ನಿಲ್ಲುವ ಕಡೆ ನಡೆಯುತ್ತಿರುವಾಗ ಅವಳಿಗೆ ಮೈ ಹಗುರಾಯಿತು. ಜೀಪು ಇಲ್ಲದ್ದೇ ಒಳ್ಳೆಯದಾಯಿತು, ಮಗ ಗಂಡ ಯಾರೂ ಇಲ್ಲ, ಗಂಡಿನವರು ಹೋದ ಮೇಲೆ ಅಕ್ಕನ ಜೊತೆ ಹುಳುಮನೆಯಲ್ಲಿ ಕೂತು ಸೊಪ್ಪು ಹೆಚ್ಚುತ್ತ ಮೂರು ತಿಂಗಳ ಮಾತು ಆಡಬಹುದು ಎಂದುಕೊಂಡಳು. ಬಸ್ಸಿನಲ್ಲಿ ಊರಿನ ಹೆಂಗಸರು ನಾಲ್ವರಿದ್ದರು. ಅವಳನ್ನು ಕಂಡು ಇಬ್ಬರು ಎದ್ದು ನಿಂತರು.

"ಕುಂತ್ಕಳಿ ಅಕ್ಕಾರೆ."

"ಅಯ್ಯೋ, ಯಾಕ್ರೇ ಏಳ್ತೀರಿ? ವಸಿ ಸರ್ಕಂಡ್ರೆ ಆಯ್ತದೆ."

"ಬ್ಯಾಡಿ, ನೀವು ಕುಂತ್ಕಳಿ. ನಿಮ್ಗೆ ಅಬ್ಯಾಸ ತಪ್ಪೋಗಿರ್ತದೆ."

ಅವರು ಮಾತಾಡುತ್ತಿದ್ದುದನ್ನು ನಿಲ್ಲಿಸಿದರು. ಮಂಡ್ಯದವರೆಗೆ ದೇವಿರಮ್ಮ ಇಡೀ ಸೀಟಿನಲ್ಲಿ ಒಬ್ಬಳೇ ಕೂತು ಬಂದಳು.

ಮಳವಳ್ಳಿಯಲ್ಲಿ ಅಕ್ಕನ ಬೀದಿಗೆ ತಿರುಗಿದವಳು ಒಂದು ಕ್ಷಣ ನಿಂತಳು. ಬೀದಿ ಗುರುತು ಸಿಗದಂತಿತ್ತು. ಮಲ್ಲಿಗಮ್ಮನ ಮನೆಯ ಮುಂದೆ ಯಾವಾಗಲೂ ಇರುತ್ತಿದ್ದ ಪಕ್ಕದವರ ಗಾಡಿ ಇರಲಿಲ್ಲ. ಹುಳು ಸಾಕುವ ತಟ್ಟೆಗಳನ್ನು ಒಣಗಲು ಒರಗಿಸುತ್ತಿದ್ದ ಗೋಡೆ ಖಾಲಿ. ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ ಮೂಲೆಗೆ ಸೇರಿಸಿದ್ದರು. ನೀರು ಹಾಕಿ ಗುಡಿಸಿ, ರಂಗೋಲಿಯನ್ನು ಕೂಡ ನಡುವೆ ಬಿಡದೆ ಒಂದು ಪಕ್ಕಕ್ಕೆ ಬಿಟ್ಟಿದ್ದರು. ನಡುವೆ ಒಂದು ದೊಡ್ಡ ವಾಹನ ನಿಲ್ಲುವಷ್ಟು ಜಾಗ ಹಾಗೇ ತೆರವಾಗಿತ್ತು.

ಬಾಗಿಲಲ್ಲಿದ್ದ ಮಲ್ಲಿಗಮ್ಮ ತಂಗಿಯನ್ನು ನೋಡಿದಳು. ಆಮೇಲೆ ತಂಗಿಯ ಹಿಂದೆ, ಬೀದಿಯ ತುದಿಯನ್ನು ನೋಡಿದಳು.

"ಜೀಪೆಲ್ಲಿ?"

"ಬರ್ಲಿಲ್ಲ ಕಣಕ್ಕ. ನಾನು ಬಸ್ಸಲ್ಲಿ ಬಂದೆ."

ಮಲ್ಲಿಗಮ್ಮ ಅವಳ ತೋಳು ಹಿಡಿದು, ಪಕ್ಕದ ಸಂದಿಯಲ್ಲಿ ಬಳಸಿ, ಹಿಂದಿನ ಅಡಿಗೆಮನೆಗೆ ಎಳೆದುಕೊಂಡು ಹೋದಳು. ಒಳಗೆ ಹೊಸ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟಿದ್ದರು. ಮರಿತಾಯಮ್ಮ ಹೂ ಮುಡಿದು ಒಲೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಚಿಕ್ಕಮ್ಮನನ್ನು ನೋಡಿ ನಕ್ಕಳು. ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು.

"ಎಣ್ಣಿಗೆ ಅಪ್ಪ ಇಲ್ಲ, ಇಂದೆ ಮುಂದೆ ಯಾರವ್ರೆ ಅಂತ ಕೇಳುದ್ರು" ಎಂದಳು ಮಲ್ಲಿಗಮ್ಮ ಪಿಸುದನಿಯಲ್ಲಿ. "ನಮ್ ತಂಗಿ ಅವ್ಳೆ, ಜೀಪಲ್ಲಿ ಬತ್ತಾಳೆ ಅಂದೆ. ಬೀದಿಯೋರ ಕೈ ಕಾಲು ಇಡ್ದು ಜಾಗ ಬುಡುಸ್ದೆ. ಈಗ ಒಳೀಕೆ ಏನ್ ಮಖ ಒತ್ಕಂಡು ಓಗ್ಲಿ?"

"ದುದ್ದಕ್ಕೆ ಓಗಿದ್ರು, ಒತ್ತಾಯ್ತು. ನಿಂಗೆ ಜೀಪು ಬ್ಯಾಡ ಅಂದ್ಕಂಡಿದ್ದೆ ಕಣಕ್ಕ. ಅವತ್ತು ಬೆಂಚಿನ ತಾವ ನೀನು ಮಾತೇ ಆಡ್ನಿಲ್ಲ."

"ಯಾವ ಬೆಂಚು?" ಮಲ್ಲಿಗಮ್ಮನಿಗೆ ತಟ್ಟನೆ ನೆನಪಾಗಲಿಲ್ಲ. "ಊರೋರ್ನೆಲ್ಲ ಜೀಪಲ್ಲಿ ಒತ್ಕಂಡು ತಿರುಗ್ತೀರಂತೆ. ನನ್ ಮನೆ ಬಾಗ್ಲಿಗೆ ಮಾತ್ರ ಬಸ್ಸೇ ಸಾಕಾಯ್ತಾ?"

ನಡುಮನೆಯಿಂದ ಗಂಡಿನ ಸೋದರಮಾವನ ದನಿ ಕೇಳಿತು: "ಏನಮ್ಮ, ನಿಮ್ ತಂಗಿ ಬಂದ್ರಾ? ಜೀಪ್ ಸದ್ದೇ ಕೇಳ್ನಿಲ್ಲ?"

ಮಲ್ಲಿಗಮ್ಮ ತಂಗಿಯ ಕಡೆ ನೋಡಿದಳು. ದೇವಿರಮ್ಮ ಬಾಯಿ ತೆರೆಯುವ ಮೊದಲೇ ಅವಳೇ ಗಟ್ಟಿಯಾಗಿ ಹೇಳಿದಳು: "ಇನ್ನೂ ದಾರೀಲವ್ರೆ ಕಣಣ್ಣ! ಬತ್ತಾರೆ!"

ಅಲ್ಲಿಗೆ ದೇವಿರಮ್ಮ ಬಂದೇ ಇಲ್ಲ ಎಂದಾಯಿತು. ಹಿತ್ತಿಲ ಬಾಗಿಲು ತೆಗೆದು ಮಲ್ಲಿಗಮ್ಮ ಕೈ ಮುಗಿದಳು. "ಬೇಜಾರ್ ಮಾಡ್ಕಬ್ಯಾಡ ಕಣೆ. ಸಂಜೆ ಬಸ್ಸಿಗೆ ಓಯ್ತಾರೆ ಅವ್ರು. ನೀನು ಹೆಂಗಾದ್ರೂ ಮಾಡಿ ಅಷ್ಟೊತ್ಗೆ ಜೀಪ್ ಕಳ್ಸು. ನನ್ ಮಗಳ ಬಾಳು."

ರೊಟ್ಟಿಯ ಗಂಟು ದೇವಿರಮ್ಮನ ಕೈಯಲ್ಲೇ ಇತ್ತು. ಅಕ್ಕ ಅದನ್ನು ತೆಗೆದುಕೊಳ್ಳಲಿಲ್ಲ. ಇವಳಿಗೂ ಕೊಡುವುದು ತೋಚಲಿಲ್ಲ. ಹಿತ್ತಿಲ ಓಣಿಯಲ್ಲಿ ರೇಷ್ಮೆಸೀರೆಯ ನೆರಿಗೆ ಎತ್ತಿ ಹಿಡಿದು, ಕಸದ ಗುಂಡಿ ದಾಟಿ, ಬಸ್‌ಸ್ಟ್ಯಾಂಡಿಗೆ ನಡೆದಳು.

ಮದ್ದೂರಿನಲ್ಲಿ ಇಳಿದಾಗ ಮಂಡ್ಯದ ಬಸ್ಸು ಆಗ ತಾನೇ ಹೋಗಿತ್ತು. ಅವಳು ಹುಣಸೆಮರದ ಕೆಳಗಿನ ಬೆಂಚಿನ ಮೇಲೆ, ತಾನು ಯಾವಾಗಲೂ ಕೂರುತ್ತಿದ್ದ ಬಲಗಡೆಯ ಕೊನೆಯಲ್ಲೇ ಕೂತಳು. ಎಡಗಡೆ ಗಂಟನ್ನು ಇಟ್ಟಳು. ಅಮಾವಾಸ್ಯೆ ಅಲ್ಲವಾದ್ದರಿಂದ, ಆ ದಿನ ಮಾತ್ರ ಬಂದು ಸೌತೆಕಾಯಿ ಮಾರುತ್ತಿದ್ದ ಗುರುತಿನ ಹೆಂಗಸೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಜೀಪಿನ ಹಾರನ್ ಕೇಳಿತು. ಸಿದ್ದರಾಜು ಒಬ್ಬನೇ ಬಂದಿದ್ದ. ಇಳಿದು ಓಡಿ ಬಂದ.

"ಅವ್ವ! ಅಜ್ಜಿ ಉಗ್ದು ಕಳುಸ್ತು. ಅಪ್ಪನ್ಗೂ ಉಗೀತು. ಇದ್ಯಾಕೆ ಇಲ್ಲಿ ಕುಂತಿದ್ದೀಯ? ಓಗ್ಲೇ ಇಲ್ವಾ?"

"ಓಗಿದ್ದೆ."

"ಮತ್ತೆ? ಗಂಡಿನೋರು ಬಂದಿದ್ರಾ?"

"ಅವ್ರೆ ಇನ್ನೂ." ದೇವಿರಮ್ಮ ಎದ್ದು ಗಂಟನ್ನು ಅವನ ಕೈಗೆ ಕೊಟ್ಟಳು. "ನೀನು ಈಗ್ಲೇ ಮಳವಳ್ಳಿಗೆ ಓಗು. ದೊಡ್ಡವ್ವನ ಬಾಗ್ಲಲ್ಲಿ ಜಾಗ ಬುಟ್ಟವ್ರೆ. ಅಲ್ಲಿ ನಿಲ್ಸು. ಎರಡ್ ಸಲ ಹಾರನ್ ಒಡಿ. ಒಳೀಕೋಗಿ ಎಲ್ಲಾರ್ಗೂ ಕೈ ಮುಗ್ದು, ಆಸ್ಪತ್ರೆಗೆ ಯಾರ್ನೋ ಕರ್ಕಂಡೋಗಿದ್ದೆ, ಒತ್ತಾಯ್ತು ಅನ್ನು. ಅವ್ವಂಗೆ ಮೈ ಸರ್ಯಾಗಿಲ್ಲ ಅನ್ನು. ಗಂಡಿನೋರ್ನ ಕೊಳ್ಳೇಗಾಲಕ್ಕೇ ಬುಟ್ಟು ಬಾ."

"ಜೀಪ್ ಅತ್ತವ್ವ, ನೀನೂ ಬಾ. ಒಟ್ಗೆ ಓಗಣ."

"ಜೀಪ್ ಓದ್ರೆ ಸಾಕು ಕಣ್ಲಾ."

ಸಿದ್ದರಾಜು ಅವಳ ಮುಖ ನೋಡಿದ.

"ನಡಿ, ಒತ್ತಾಯ್ತದೆ. ಗಂಟ ದೊಡ್ಡವ್ವನ ಕೈಗೇ ಕೊಡು."

ಜೀಪು ತಿರುಗಿಕೊಂಡು ಮಳವಳ್ಳಿ ರಸ್ತೆಗೆ ಬಿತ್ತು. ಗಾಜಿನ ಮೇಲೆ ಇಳಿಬಿಸಿಲು ಬಿದ್ದು ಮಿಂಚಿತು. ಅದು ನೋಡಲು ಚೆನ್ನಾಗಿಯೇ ಇತ್ತು. ಆ ಬೀದಿಯಲ್ಲಿ ಅದು ನಿಂತಾಗ ಅಕ್ಕ ಬಾಗಿಲಿಗೆ ಬಂದು ಹೇಗೆ ದನಿ ಎತ್ತುತ್ತಾಳೆ ಎಂಬುದು ದೇವಿರಮ್ಮನಿಗೆ ಗೊತ್ತಿತ್ತು.

ಮಂಡ್ಯದ ಬಸ್ಸು ಬಂದಾಗ ಕಿಕ್ಕಿರಿದಿತ್ತು. ಹೇಗೋ ಹತ್ತಿದಳು; ದಾರಿಯಲ್ಲಿ ಇಬ್ಬರು ಇಳಿದಾಗ ಖಾಲಿಯಾದ ಸೀಟಿನಲ್ಲಿ ಕೂತಳು. ಮುಂದಿನ ಸ್ಟಾಪಿನಲ್ಲಿ ಸೊಪ್ಪಿನ ಕುಕ್ಕೆ ಹೊತ್ತ ಹೆಂಗಸೊಬ್ಬಳು ಹತ್ತಿದಳು. ಎಲ್ಲಿಯವಳೋ, ಗುರುತಿಲ್ಲದವಳು. ಕುಕ್ಕೆಯನ್ನು ದೇವಿರಮ್ಮನ ಕಾಲ ಮೇಲೆಯೇ ಇಳಿಸಿ, ರೇಷ್ಮೆಸೀರೆಯನ್ನೂ ನೋಡದೆ, ಸೊಂಟದಿಂದ ಅವಳನ್ನು ಒಂದು ಸಲ ನೂಕಿ ಹೇಳಿದಳು:

"ವಸಿ ಸರ್ಕಳಮ್ಮಿ ಅತ್ಲಾಗೆ. ಇಡೀ ಸೀಟು ನಿಂಗೇನಾ?"

ದೇವಿರಮ್ಮ ಕಿಟಕಿಯ ಕಡೆಗೆ ಸರಿದು ಕೂತಳು.